ಐವ್ಸ್ ಕಿವಿಗೊಟ್ಟ ಜಾಗಗಳಲ್ಲಿ ನಾಲ್ಕು ದಿನ

ಮೂವತ್ತೆರಡು ವರ್ಷ ಜೀವ ವಿಮೆಯ ಕಚೇರಿಯಲ್ಲಿ ಕೆಲಸ ಮಾಡಿದವನು ನಾನು. ಚಾರ್ಲ್ಸ್ ಐವ್ಸ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದೂ ಅದೇ ಕಾರಣಕ್ಕೆ. "ಅಮೆರಿಕದ ಒಬ್ಬ ದೊಡ್ಡ ಸಂಗೀತಗಾರ ನಿಮ್ಮ ಹಾಗೇ ವಿಮೆಯವರು ಕಣ್ರೀ" ಎಂದು ಗೆಳೆಯರೊಬ್ಬರು ಒಂದು ಕ್ಯಾಸೆಟ್ ಕೊಟ್ಟಿದ್ದರು. ಐವ್ಸ್ ಹಗಲು ನ್ಯೂಯಾರ್ಕಿನಲ್ಲಿ ವಿಮೆ ಏಜೆನ್ಸಿ ನಡೆಸುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ, ರಜೆಯ ದಿನಗಳಲ್ಲಿ ಸಂಗೀತ ಬರೆಯುತ್ತಿದ್ದರು. ಮೊದಲ ಸಲ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಬೇರೆ ಬೇರೆ ಶ್ರುತಿಯಲ್ಲಿ ಮೂರು ನಾಲ್ಕು ಹಾಡುಗಳು ಒಂದರ ಮೇಲೊಂದು ಬಿದ್ದ ಹಾಗಿತ್ತು. ಆದರೂ ಕ್ಯಾಸೆಟ್ ವಾಪಸ್ ಕೊಡಲು ಮನಸ್ಸಾಗಲಿಲ್ಲ.

ಆ ಕ್ಯಾಸೆಟ್ಟಿನಲ್ಲಿದ್ದದ್ದು 'ನ್ಯೂ ಇಂಗ್ಲೆಂಡಿನ ಮೂರು ಜಾಗಗಳು' ಎಂಬ ಕೃತಿ. ನ್ಯೂ ಇಂಗ್ಲೆಂಡ್ ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳು. ಮೂರು ಭಾಗ, ಮೂರು ಊರು. ಕಳೆದ ಅಕ್ಟೋಬರಿನಲ್ಲಿ ಬಾಸ್ಟನ್ ಹತ್ತಿರ ಇರುವ ತಂಗಿ ಮಗನ ಮನೆಗೆ ಹೋದಾಗ ಅವನು "ಮಾಮ, ನಯಾಗರಾ ನೋಡ್ಕೊಂಡು ಬರೋಣ" ಅಂದ. ನಾನು ಈ ಮೂರು ಊರುಗಳ ಹೆಸರು ಹೇಳಿದೆ. ಅವನು ಮ್ಯಾಪಿನಲ್ಲಿ ಹುಡುಕಿ, "ಇಷ್ಟೇನಾ? ನಾಲ್ಕು ದಿನದಲ್ಲಿ ನ್ಯೂಯಾರ್ಕೂ ಸೇರಿಸಿ ಮುಗಿಸಬಹುದು" ಎಂದು ರಜೆ ಹಾಕಿಯೇಬಿಟ್ಟ.

ಮೊದಲ ದಿನ: ಬಾಸ್ಟನ್

ಬೀಕನ್ ಬೀದಿಯಲ್ಲಿ ಚಿನ್ನದ ಬಣ್ಣದ ಗುಮ್ಮಟದ ಸ್ಟೇಟ್ ಹೌಸ್ ಇದೆ. ಅದರ ಎದುರಿಗೆ, ಬಾಸ್ಟನ್ ಕಾಮನ್ ಉದ್ಯಾನದ ಅಂಚಿನಲ್ಲಿ, ಕಂಚಿನ ಒಂದು ದೊಡ್ಡ ಉಬ್ಬುಶಿಲ್ಪ. ಕುದುರೆಯ ಮೇಲೆ ಒಬ್ಬ ಯುವ ಅಧಿಕಾರಿ. ಪಕ್ಕದಲ್ಲಿ ಬಂದೂಕು ಹೆಗಲಿಗೇರಿಸಿ ನಡೆಯುತ್ತಿರುವ ಕಪ್ಪು ಸೈನಿಕರು. ಅಧಿಕಾರಿಯ ಹೆಸರು ಕರ್ನಲ್ ರಾಬರ್ಟ್ ಗೌಲ್ಡ್ ಶಾ. ಸೈನಿಕರು ಮ್ಯಾಸಚೂಸೆಟ್ಸಿನ 54ನೇ ರೆಜಿಮೆಂಟಿನವರು. ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಬಿಡದ ದಕ್ಷಿಣದ ವಿರುದ್ಧ, ಉತ್ತರದ ಕಡೆಯಿಂದ ಹೋರಾಡಲು ಕಟ್ಟಿದ ಮೊದಮೊದಲ ಕಪ್ಪು ಪಡೆಗಳಲ್ಲಿ ಇದೂ ಒಂದು.

1863ರ ಮೇ 28ರಂದು ಇವರು ಇದೇ ಬೀದಿಯಲ್ಲಿ ನಡೆದು ಯುದ್ಧಕ್ಕೆ ಹೊರಟರು. ಎರಡು ತಿಂಗಳೂ ಆಗಿರಲಿಲ್ಲ, ಜುಲೈ 18ರಂದು ದಕ್ಷಿಣ ಕೆರೊಲಿನಾದ ಫೋರ್ಟ್ ವ್ಯಾಗ್ನರ್ ಮೇಲೆ ಏರಿಹೋದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಅಥವಾ ಸೆರೆ ಸಿಕ್ಕರು. ಶಾ ಅವರೂ ಅಲ್ಲೇ ಸತ್ತರು, ಆಗ ಅವರಿಗೆ 25 ವರ್ಷ. ಅವರನ್ನು ಅವಮಾನಿಸಬೇಕು ಎಂದೇ ಶತ್ರುಗಳು ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಮಗನ ದೇಹವನ್ನು ತೆಗೆಯುವುದು ಬೇಡ, ಅವನು ತನ್ನವರ ಜೊತೆಯೇ ಇರಲಿ ಎಂದು ತಂದೆ ಹೇಳಿದರು.

ಸಂಬಳದ ಕಥೆಯೂ ಇದೆ. ಬಿಳಿ ಸೈನಿಕರಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. ಕೊಡುವುದಾದರೆ ಸರಿಸಮ ಕೊಡಿ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಈ ಜನ ಒಂದು ವರ್ಷಕ್ಕೂ ಜಾಸ್ತಿ ಸಂಬಳವನ್ನೇ ಮುಟ್ಟಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ, ಇವರು ಗುಂಡಿನ ಎದುರು.

ಶಿಲ್ಪಿ ಅಗಸ್ಟಸ್ ಸೇಂಟ್-ಗಾಡನ್ಸ್ ಇದಕ್ಕೆ ಸುಮಾರು 14 ವರ್ಷ ತೆಗೆದುಕೊಂಡರು. ಅನಾವರಣವಾದದ್ದು 1897ರ ಮೇ 31ರಂದು. ಮೊದಲು ಕುದುರೆ ಮೇಲೆ ಕುಳಿತ ವೀರನೊಬ್ಬನದೇ ಪ್ರತಿಮೆ ಮಾಡುವ ಯೋಚನೆ ಇತ್ತು. ಶಾ ಮನೆಯವರು ಒಪ್ಪಲಿಲ್ಲ. ಸೈನಿಕರೂ ಬಂದದ್ದು ಆಮೇಲೆ. ಕಪ್ಪು ಜನರನ್ನು ಎದುರಿಗೆ ಕೂರಿಸಿಕೊಂಡು ಸುಮಾರು 40 ತಲೆಗಳನ್ನು ಮಣ್ಣಿನಲ್ಲಿ ಮಾಡಿ ನೋಡಿ, ಅವುಗಳಲ್ಲಿ ಆರಿಸಿ ಇಲ್ಲಿಗೆ ತಂದರು. ಹತ್ತಿರ ಹೋಗಿ ನಿಂತರೆ ಇದು ಗೊತ್ತಾಗುತ್ತದೆ. ಒಂದು ಮುಖದ ಹಾಗೆ ಇನ್ನೊಂದಿಲ್ಲ. ಒಬ್ಬನಿಗೆ ತುಂಬು ಗಡ್ಡ, ತಂದೆಯ ವಯಸ್ಸು. ಮುಂದೆ ಡ್ರಮ್ಮು ಹಿಡಿದವನು ಇನ್ನೂ ಹುಡುಗ. ಸುತ್ತಿ ಕಟ್ಟಿದ ಕಂಬಳಿ, ಸೊಂಟದ ನೀರಿನ ಡಬ್ಬಿ, ನಡೆದು ನಡೆದು ಮೊಣಕಾಲಿನ ಹತ್ತಿರ ಸುಕ್ಕುಬಿದ್ದ ಪ್ಯಾಂಟು. ಒಬ್ಬರೂ ನಮ್ಮನ್ನು ನೋಡುತ್ತಿಲ್ಲ. ಎಲ್ಲರ ಕಣ್ಣೂ ಮುಂದಿನ ದಾರಿಯ ಮೇಲೆ.

ಐವ್ಸ್ ಕೃತಿಯ ಮೊದಲ ಭಾಗ ಇರುವುದು ಈ ಶಿಲ್ಪದ ಮೇಲೆಯೇ. ನಾನು ಇಯರ್‌ಫೋನ್ ಹಾಕಿಕೊಂಡು ಅದನ್ನು ಹಚ್ಚಿದೆ. ಇದನ್ನು ಅವರು 'ಬ್ಲ್ಯಾಕ್ ಮಾರ್ಚ್' ಎಂದೂ ಕರೆಯುತ್ತಿದ್ದರು. ಸೈನ್ಯದ ಮಾರ್ಚ್ ಅಂದರೆ ನಮಗೆ ತಮಟೆ ತುತ್ತೂರಿ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಕೇಳಿಯೂ ಕೇಳದಷ್ಟು ಮೆಲ್ಲಗೆ ಶುರುವಾಗುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಎರಡೇ ಸ್ವರ ಹೋಗುತ್ತಾ ಬರುತ್ತಾ ಇರುತ್ತವೆ, ದಣಿದ ಎರಡು ಕಾಲುಗಳ ಹಾಗೆ. ಅದರ ಮೇಲೆ ಆ ಕಾಲದ ಹಾಡುಗಳ ತುಣುಕುಗಳು ತೇಲಿ ಬರುತ್ತವೆ. 'ಓಲ್ಡ್ ಬ್ಲ್ಯಾಕ್ ಜೋ' ಒಂದು ಚೂರು, 'ಬ್ಯಾಟಲ್ ಕ್ರೈ ಆಫ್ ಫ್ರೀಡಮ್' ಒಂದು ಚೂರು. ಯಾವುದೂ ಪೂರ್ತಿ ಆಗುವುದಿಲ್ಲ. ದೂರದ ಬೀದಿಯಲ್ಲಿ ಹಾಡುತ್ತಾ ಹೋಗುವವರದು ಗಾಳಿ ಬೀಸಿದಾಗ ಮಾತ್ರ ಕೇಳಿಸಿದ ಹಾಗೆ. ಒಂದೇ ಒಂದು ಸಲ ಇಡೀ ಆರ್ಕೆಸ್ಟ್ರಾ ದೊಡ್ಡದಾಗಿ ಏಳುತ್ತದೆ. ಮತ್ತೆ ಆ ಎರಡು ಕಾಲು.

ಮನೆಯಲ್ಲಿ ಕೇಳುವಾಗ ಆ ಎರಡು ಸ್ವರ ನನಗೆ ಸುಮ್ನೆ ಹಿನ್ನೆಲೆಯ ಹಾಗಿತ್ತು. ಇಲ್ಲಿ ಆ ಮುಖಗಳನ್ನು ನೋಡುತ್ತಾ ಕೇಳಿದಾಗ ಅರ್ಥವಾಯಿತು, ಕೃತಿ ಇರುವುದೇ ಆ ಎರಡು ಸ್ವರದಲ್ಲಿ. ಐವ್ಸ್ ಕುದುರೆ ಮೇಲಿನವರ ಕಡೆಯಿಂದ ಬರೆದಿಲ್ಲ, ನಡೆಯುವವರ ಕಡೆಯಿಂದ ಬರೆದಿದ್ದಾರೆ. ಚರಿತ್ರೆಯನ್ನು ಸಂಗೀತ ಮಾಡುವವರು ಸಾಮಾನ್ಯವಾಗಿ ತುತ್ತೂರಿಯನ್ನೇ ಹಿಡಿಯುತ್ತಾರೆ. ಇವರು ಹೆಜ್ಜೆ ಹಿಡಿದರು. ಮುಂದಿನ ಮೂರು ದಿನವೂ ನಾನು ಹುಡುಕಿದ್ದು ಇದನ್ನೇ.

ಹುಡುಗ ಅಷ್ಟರಲ್ಲಿ ಸ್ಮಾರಕದ ಹಿಂಬದಿಗೆ ಹೋಗಿದ್ದ. "ಮಾಮ, ಬನ್ನಿ ಇಲ್ಲಿ" ಎಂದು ಕರೆದ. ಅಲ್ಲಿ ಸತ್ತ ಸೈನಿಕರ ಹೆಸರುಗಳು. ಮೊದಲು ಇಲ್ಲಿ ಬಿಳಿ ಅಧಿಕಾರಿಗಳ ಹೆಸರು ಮಾತ್ರ ಇತ್ತು. ಕಪ್ಪು ಸೈನಿಕರ ಹೆಸರು ಕೆತ್ತಿದ್ದು 1980ರ ದಶಕದಲ್ಲಿ. ಐವ್ಸ್ ಇದನ್ನು ನೋಡುವಾಗ ಮುಖಗಳಿದ್ದವು, ಹೆಸರಿರಲಿಲ್ಲ. ಇಬ್ಬರೂ ನಿಂತು ಒಂದೊಂದಾಗಿ ಓದಿದೆವು. ಅವನು ಬಾಯಿಬಿಟ್ಟು ಓದುತ್ತಿದ್ದ, ನಾನು ಮನಸ್ಸಿನಲ್ಲಿ.

ಎರಡನೇ ದಿನ: ಟ್ಯಾಂಗಲ್‌ವುಡ್

ಬೆಳಿಗ್ಗೆ ಚಿತ್ರಾನ್ನ ಡಬ್ಬಿಗೆ ತುಂಬಿಕೊಂಡು, ಫ್ಲಾಸ್ಕಿಗೆ ಕಾಫಿ ಹಾಕಿಕೊಂಡು ಪಶ್ಚಿಮಕ್ಕೆ ಹೊರಟೆವು. ಎರಡೂವರೆ ಗಂಟೆಯ ದಾರಿ. ಬರ್ಕ್‌ಶೈರ್ ಬೆಟ್ಟಗಳು ಬರುವ ಹೊತ್ತಿಗೆ ಮರಗಳೆಲ್ಲ ಕೆಂಪು, ಕಿತ್ತಳೆ.

ಟ್ಯಾಂಗಲ್‌ವುಡ್ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಮನೆ. ಅಕ್ಟೋಬರಿನಲ್ಲಿ ಕಛೇರಿ ಇಲ್ಲ. ದೊಡ್ಡ ಹುಲ್ಲುಹಾಸು, ಖಾಲಿ ಬೆಂಚು, ಅಷ್ಟೇ. ನಾನು ಬಂದದ್ದು ಅಮೆರಿಕದ ಇನ್ನೊಬ್ಬ ದೊಡ್ಡ ಸಂಗೀತ ರಚನಾಕಾರ ಆರನ್ ಕೊಪ್ಲಂಡ್ ಅವರಿಗಾಗಿ. 1940ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಇಲ್ಲಿ ಪಾಠ ಹೇಳಿದರು. ಅವರ ಚಿತಾಭಸ್ಮವನ್ನೂ ಇಲ್ಲಿನ ನೆಲದಲ್ಲಿ ಹರಡಿದ್ದಾರೆ. ತೋಟದಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಅದರ ಹತ್ತಿರ ಕುಳಿತು ಚಿತ್ರಾನ್ನ ತಿಂದೆವು. ಆಮೇಲೆ ಅಧ್ಯಕ್ಷ ಲಿಂಕನ್ ಮೇಲೆ ಅವರು ಬರೆದ 'ಲಿಂಕನ್ ಪೋರ್ಟ್ರೇಟ್' ಕೇಳಿದೆವು.

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು. ದೇಶ ಯುದ್ಧಕ್ಕಿಳಿಯಿತು. ಆಂದ್ರೆ ಕೊಸ್ಟೆಲನೆಟ್ಸ್ ಎಂಬ, ಆರ್ಕೆಸ್ಟ್ರಾ ನಡೆಸುವ ನಿರ್ದೇಶಕರು ದೊಡ್ಡ ಅಮೆರಿಕನ್ನರ ಮೇಲೆ ಕೃತಿ ಬರೆದುಕೊಡಿ ಎಂದು ಮೂರು ಜನರನ್ನು ಕೇಳಿದರು. ಕೊಪ್ಲಂಡ್ ಮೊದಲು ಯೋಚಿಸಿದ್ದು ಕವಿ ವಾಲ್ಟ್ ವಿಟ್ಮನ್ ಅವರನ್ನು. ಇನ್ನೊಬ್ಬರು ಆಗಲೇ ಲೇಖಕ ಮಾರ್ಕ್ ಟ್ವೇನ್ ಅವರನ್ನು ಆರಿಸಿಕೊಂಡಿದ್ದರು, ಎರಡೆರಡು ಸಾಹಿತಿಗಳು ಬೇಡವೆಂದು ಲಿಂಕನ್ ಅವರನ್ನು ಹಿಡಿದರು. 1942ರ ಮೇ 14ರಂದು ಸಿನ್ಸಿನಾಟಿಯಲ್ಲಿ ಮೊದಲ ಪ್ರದರ್ಶನ. ಸುಮಾರು ಕಾಲು ಗಂಟೆಯ ಕೃತಿ. ಮೊದಲು ಆರ್ಕೆಸ್ಟ್ರಾ ಮಾತ್ರ. ಲಿಂಕನ್ ಕಾಲದ ಕುದುರೆ ಪಂದ್ಯದ ಹಾಡೊಂದು ಕುಣಿದು ಹೋಗುತ್ತದೆ. ಆಮೇಲೆ ಒಬ್ಬರು ಎದ್ದು ನಿಂತು ಲಿಂಕನ್ ಬರೆದ, ಆಡಿದ ಮಾತುಗಳನ್ನು ಓದುತ್ತಾರೆ. ನಾಟಕದ ಹಾಗೆ ಓದಬೇಡಿ, ಸರಳವಾಗಿ, ಮನಸ್ಸಿನಿಂದ ಹೇಳಿ ಎಂಬುದು ಕೊಪ್ಲಂಡ್ ಸೂಚನೆ. 1950ರ ಆಗಸ್ಟಿನಲ್ಲಿ ಇದೇ ಟ್ಯಾಂಗಲ್‌ವುಡ್‌ನಲ್ಲಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಅವರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಇದನ್ನು ಓದಿದ್ದರು.

ಇಷ್ಟು ದೇಶಪ್ರೇಮದ ಕೃತಿಗೆ ಏನಾಯಿತು ಗೊತ್ತೇ? 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗುವ ಸಂದರ್ಭದ ಕಛೇರಿಯಲ್ಲಿ ಇದು ಇರಬೇಕಿತ್ತು. ಕೊಪ್ಲಂಡ್ ಎಡಪಂಥದವರ ಜೊತೆ ಸೇರಿದವರು ಎಂದು ಸಂಸದರೊಬ್ಬರು ತಕರಾರು ತೆಗೆದರು. ಕೃತಿಯನ್ನು ಪಟ್ಟಿಯಿಂದ ತೆಗೆದುಹಾಕಿದರು. ಅದೇ ಮೇ ತಿಂಗಳಲ್ಲಿ ಕೊಪ್ಲಂಡ್ ಅವರನ್ನು, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿ ಅವರ ಸಮಿತಿಯ ಮುಂದೆ ಕೂರಿಸಿ ಪ್ರಶ್ನೆ ಕೇಳಿದರು. ಲಿಂಕನ್ ಅವರ ಮಾತನ್ನು ಜನರಿಗೆ ಮುಟ್ಟಿಸಿದವರು, ತಾವು ದೇಶದವರೇ ಎಂದು ರುಜುವಾತು ಮಾಡಬೇಕಾಯಿತು. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

"ಈ ಇಂಗ್ಲಿಷ್ ನನಗೇ ಇಷ್ಟು ಸಲೀಸಾಗಿ ಅರ್ಥವಾಯ್ತಲ್ಲ ಮಾಮ" ಅಂದ ಹುಡುಗ. ಹೌದು, ಲಿಂಕನ್ ಮಾತಾಡಿದ್ದು ಹೊಲದವರಿಗೂ ತಿಳಿಯಲಿ ಎಂದು. ಕೊಪ್ಲಂಡ್ ಸ್ವರ ಹಚ್ಚಿದ್ದೂ ಹಾಗೇ.

ರಾತ್ರಿ ಸ್ಟಾಕ್‌ಬ್ರಿಜ್‌ನಲ್ಲಿ ಉಳಿದೆವು.

ಮೂರನೇ ದಿನ: ಹೂಸಟಾನಿಕ್ ನದಿ, ರೆಡಿಂಗ್, ಡ್ಯಾನ್‌ಬರಿ

ಆರೂವರೆಗೇ ಹುಡುಗನನ್ನು ಎಬ್ಬಿಸಿ ನದಿಗೆ ಕರೆದುಕೊಂಡು ಹೋದೆ. ಪಾರ್ಕ್ ಬೀದಿಯ ಕೊನೆಯಲ್ಲಿ ಜನ ನಡೆದು ದಾಟುವ ಒಂದು ತೂಗುಸೇತುವೆ. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. 1908ರಲ್ಲಿ ಐವ್ಸ್ ಮದುವೆಯಾದ ಹೊಸದರಲ್ಲಿ ಹೆಂಡತಿ ಹಾರ್ಮನಿ ಜೊತೆ ಈ ನದಿಯ ದಂಡೆಯಲ್ಲಿ ನಡೆದಿದ್ದರು. ಮಂಜಿನ ಆಚೆಯಿಂದ ಚರ್ಚಿನ ಹಾಡು ಕೇಳಿಸಿತಂತೆ. ಕೃತಿಯ ಮೂರನೇ ಭಾಗ ಅದೇ. ಇದು ದೇಶದ ಚರಿತ್ರೆ ಅಲ್ಲ, ಇಬ್ಬರದೇ ಒಂದು ಬೆಳಗು. ನಾವು ಹತ್ತು ನಿಮಿಷ ಮಾತಿಲ್ಲದೆ ನಿಂತು, ಕೈ ಚಳಿಗೆ ಮರಗಟ್ಟಿದ ಮೇಲೆ ಕಾರಿಗೆ ಬಂದೆವು.

ಅಲ್ಲಿಂದ ದಕ್ಷಿಣಕ್ಕೆ, ನದಿಯ ಪಕ್ಕಪಕ್ಕದಲ್ಲೇ ಹೆಚ್ಚಿನ ದಾರಿ. ಮಧ್ಯಾಹ್ನಕ್ಕೆ ಕನೆಕ್ಟಿಕಟ್‌ನ ರೆಡಿಂಗ್ ತಲುಪಿದೆವು. ಪುಟ್ನಮ್ ಸ್ಮಾರಕ ಉದ್ಯಾನ ಇರುವುದು ಇಲ್ಲಿ. ನಾನು ಅತಿ ಜಾಸ್ತಿ ಕಾದಿದ್ದ ಜಾಗ.

ಅಮೆರಿಕ ಬ್ರಿಟಿಷರ ವಿರುದ್ಧ ನಡೆಸಿದ ಸ್ವಾತಂತ್ರ್ಯ ಯುದ್ಧದ ಕಾಲ. 1778ರ ಚಳಿಗಾಲದಲ್ಲಿ ಜನರಲ್ ಇಸ್ರೇಲ್ ಪುಟ್ನಮ್ ತಮ್ಮ ಸೈನ್ಯದ ಜೊತೆ ಇಲ್ಲಿ ಬೀಡುಬಿಟ್ಟರು. ಸೈನಿಕರೇ ಮರ ಕಡಿದು ಗುಡಿಸಲು ಕಟ್ಟಿಕೊಂಡರು. ಮರದ ಗುಡಿಸಲುಗಳು ಹೋಗಿವೆ. ಉಳಿದಿರುವುದು ಒಲೆಯ ಕಲ್ಲುಗಳು. ಕಾಡಿನ ನಡುವೆ ಒಂದು ದಾರಿ, ಅದರ ಉದ್ದಕ್ಕೂ ಸಾಲಾಗಿ ಕಲ್ಲಿನ ಗುಪ್ಪೆಗಳು. ಮೊದಲ ನೋಟಕ್ಕೆ ಯಾರೋ ಹೊಲದ ಕಲ್ಲು ಆಯ್ದು ರಾಶಿ ಹಾಕಿದ ಹಾಗೆ ಕಾಣುತ್ತವೆ. ಸರಿಯಾಗಿ ನೋಡಿದರೆ ಒಂದರಿಂದ ಇನ್ನೊಂದಕ್ಕೆ ಅಳೆದಿಟ್ಟ ಹಾಗೆ ದೂರ. ಒಂದೊಂದು ರಾಶಿಯೂ ಒಂದು ಗುಡಿಸಲು. ಕಲ್ಲಿನ ಮೇಲೆ ಪಾಚಿ, ಸಂದಿಯಲ್ಲಿ ಉದುರಿದ ಮೇಪಲ್ ಎಲೆ. ನಾನು ಬಗ್ಗಿ ಒಂದು ರಾಶಿಯ ಮೇಲೆ ಅಂಗೈ ಇಟ್ಟೆ. ತಣ್ಣಗೆ ಕೊರೆಯುತ್ತಿತ್ತು. ಇದೇ ಕಲ್ಲಿನ ಮುಂದೆ ಜನ ಕೈ ಕಾಯಿಸಿಕೊಂಡು ಚಳಿಗಾಲ ಕಳೆದಿದ್ದರು.

ಆ ಸೈನಿಕರಿಗೂ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಬಟ್ಟೆ ಇಲ್ಲ, ಊಟ ಸಾಲದು. ಒಂದು ದಿನ ಕೆಲವರು ಇನ್ನು ಆಗದು ಎಂದು ಬಂದೂಕು ಹಿಡಿದು, ಹಾರ್ಟ್‌ಫರ್ಡ್‌ನ ಶಾಸನಸಭೆಗೆ ಹೋಗಿ ಕೇಳುತ್ತೇವೆ ಎಂದು ಹೊರಟೇಬಿಟ್ಟರು. ಪುಟ್ನಮ್ ಕುದುರೆ ಏರಿ ಬಂದು, ಅವರ ಜೊತೆ ಮಾತಾಡಿ ತಿರುಗಿಸಿದರು.

ಐವ್ಸ್ ಎರಡನೇ ಭಾಗದಲ್ಲಿ ಹೇಳುವುದು ಈ ಕಥೆಯನ್ನೇ, ಆದರೆ ಒಂದು ಮಗುವಿನ ಕನಸಿನಲ್ಲಿ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನದಂದು ಊರವರೆಲ್ಲ ಇಲ್ಲಿಗೆ ಊಟ ಕಟ್ಟಿಕೊಂಡು ಬಂದಿದ್ದಾರೆ. ಬ್ಯಾಂಡ್ ಬಾರಿಸುತ್ತಿದೆ. ಒಂದು ಮಗು ಗುಂಪು ಬಿಟ್ಟು ಕಾಡಿನೊಳಗೆ ಹೋಗುತ್ತದೆ, ಹಳೆಯ ಸೈನಿಕರು ಕಾಣಿಸಬಹುದೇನೋ ಎಂದು. ಹುಲ್ಲಿನ ಮೇಲೆ ನಿದ್ದೆ ಹೋಗುತ್ತದೆ. ಕನಸಿನಲ್ಲಿ ಸೈನಿಕರು ಕೊಳಲು ತಮಟೆ ಬಾರಿಸುತ್ತಾ ಬೀಡು ಬಿಟ್ಟು ಹೊರಟಿದ್ದಾರೆ. ಸ್ವಾತಂತ್ರ್ಯ ದೇವಿ ಬೇಡ, ಬೇಡ ಎಂದು ಬೇಡಿಕೊಳ್ಳುತ್ತಾಳೆ. ಆಗ ಪುಟ್ನಮ್ ಗುಡ್ಡ ದಾಟಿ ಬರುತ್ತಾರೆ, ಸೈನಿಕರು ಜೈಕಾರ ಹಾಕಿ ತಿರುಗುತ್ತಾರೆ. ಮಗು ಎದ್ದು ಮತ್ತೆ ಬ್ಯಾಂಡಿನ ಕಡೆ ಓಡುತ್ತದೆ.

ಇದರ ನಡುವೆ ಎರಡು ಮಾರ್ಚ್ ಎರಡು ಬೇರೆ ವೇಗದಲ್ಲಿ ಒಟ್ಟಿಗೆ ನಡೆಯುತ್ತವೆ. ಒಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಇನ್ನೊಂದು ಮೂರು. ಮೃದಂಗ ಕೇಳಿದವರಿಗೆ ಈ ಮೂರು ನಾಲ್ಕರ ಲೆಕ್ಕ ಹೊಸದೇನಲ್ಲ. ಆದರೆ ಮೃದಂಗ ಒಂದೇ ನುಡಿಯುವ ತನಿಯಲ್ಲಿ ಅದು ಕೊನೆಗೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಸೇರುತ್ತದೆ. ಇಲ್ಲಿ ಸೇರಬೇಕೆಂಬ ಹಟವಿಲ್ಲ. ಗಣೇಶನ ಹಬ್ಬದಲ್ಲಿ ಎರಡು ಬೀದಿಯ ಬ್ಯಾಂಡ್‌ಸೆಟ್ ಸರ್ಕಲ್ಲಿನಲ್ಲಿ ಎದುರಾದಾಗ ಕೇಳಿದ್ದೀರಾ? ಯಾರೂ ನಿಲ್ಲಿಸುವುದಿಲ್ಲ, ನಡುವೆ ನಿಂತವನ ಕಿವಿಯಲ್ಲಿ ಎರಡೂ ಸೇರುತ್ತವೆ. ಐವ್ಸ್ ಅವರ ತಂದೆ ಜಾರ್ಜ್ ಅಂತರ್ಯುದ್ಧದಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದವರು. ಎರಡು ಬ್ಯಾಂಡುಗಳನ್ನು ಬೇರೆ ಬೇರೆ ದಿಕ್ಕಿನಿಂದ ನಡೆಸಿ, ಎದುರಾಗುವಾಗ ಹೇಗೆ ಕೇಳಿಸುತ್ತದೆ ಎಂದು ನೋಡಿದರೆಂದು ಹೇಳುತ್ತಾರೆ. ಮಗುವನ್ನು ಒಂದು ಶ್ರುತಿಯಲ್ಲಿ ಹಾಡಿಸಿ, ತಾವು ಇನ್ನೊಂದು ಶ್ರುತಿಯಲ್ಲಿ ನುಡಿಸುತ್ತಿದ್ದರು. ಅಂಥ ಅಪ್ಪ ಸಿಗಬೇಕು.

ಈ ಗದ್ದಲ ನನಗೆ ಕ್ಯಾಸೆಟ್ಟಿನಲ್ಲಿ ಗದ್ದಲವಾಗಿಯೇ ಉಳಿದಿತ್ತು. ಒಲೆಕಲ್ಲುಗಳ ಸಾಲಿನ ನಡುವೆ ನಿಂತು ಕೇಳಿದಾಗ ಹೊರಡುವವರು ಒಂದು ಕಡೆ, ಹಬ್ಬ ಮಾಡುವವರು ಇನ್ನೊಂದು ಕಡೆ ಎಂದು ಬಿಡಿಸಿಕೊಂಡಿತು. ನೂರು ವರ್ಷದ ಅಂತರದ ಎರಡು ಗುಂಪು ಒಂದೇ ಗುಡ್ಡದ ಮೇಲೆ ಒಂದೇ ಹೊತ್ತಿಗೆ ನಡೆದರೆ ಇನ್ನು ಹೇಗೆ ಕೇಳಿಸಬೇಕು?

ಸಂಜೆ ಡ್ಯಾನ್‌ಬರಿಯ ವೂಸ್ಟರ್ ಸ್ಮಶಾನದಲ್ಲಿ ಐವ್ಸ್ ಸಮಾಧಿ ನೋಡಿದೆವು. ಹುಟ್ಟಿದ್ದು ಇದೇ ಊರಿನಲ್ಲಿ, 1874ರಲ್ಲಿ. ತೀರಿಕೊಂಡದ್ದು 1954ರಲ್ಲಿ, ನ್ಯೂಯಾರ್ಕಿನಲ್ಲಿ. 'ಮೂರು ಜಾಗಗಳು' ಮೊದಲ ಸಲ ಕಛೇರಿಯಲ್ಲಿ ಕೇಳಿಸಿದ್ದು 1931ರ ಜನವರಿಯಲ್ಲಿ. ಅಷ್ಟರಲ್ಲಿ ಅವರು ಹೊಸದಾಗಿ ಬರೆಯುವುದನ್ನು ನಿಲ್ಲಿಸಿಯೇ ಕೆಲವು ವರ್ಷವಾಗಿತ್ತು. ದಿನವಿಡೀ ಪಾಲಿಸಿ ಕಾಗದಗಳ ನಡುವೆ ಇದ್ದು, ರಾತ್ರಿ ಯಾರೂ ನುಡಿಸದ ಕೃತಿಗಳನ್ನು ಬರೆಯುತ್ತಾ ಹೋಗುವುದು ಎಂದರೆ ಎಂಥ ಗಟ್ಟಿತನ ಬೇಕು. ಸಮಾಧಿಯ ಮೇಲೆ ಒಂದು ಕೆಂಪು ಎಲೆ ಇಟ್ಟು ಕೈ ಮುಗಿದೆ.

ನಾಲ್ಕನೇ ದಿನ: ನ್ಯೂಯಾರ್ಕ್

ಕಾರನ್ನು ಡ್ಯಾನ್‌ಬರಿಯಲ್ಲೇ ಬಿಟ್ಟು ರೈಲು ಹತ್ತಿದೆವು. ಸೌತ್ ನಾರ್ವಾಕ್‌ನಲ್ಲಿ ಬದಲಾಯಿಸಿ ಗ್ರ್ಯಾಂಡ್ ಸೆಂಟ್ರಲ್, ಅಲ್ಲಿಂದ ಸಬ್‌ವೇಯಲ್ಲಿ ವಾಲ್ ಸ್ಟ್ರೀಟ್. ಐದು ನಿಮಿಷ ನಡೆದರೆ ಹ್ಯಾನೋವರ್ ಸ್ಕ್ವೇರ್. ಎತ್ತರದ ಕಟ್ಟಡಗಳ ನಡುವೆ ಅಂಗೈಯಷ್ಟು ತೋಟ. ಊಟದ ಹೊತ್ತು, ಆಫೀಸಿನವರು ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ನೋಡಲು ಏನೂ ಇಲ್ಲ. ಹಿಂದೆ ಕಂಬಗಳ ಮೇಲೆ ಓಡುತ್ತಿದ್ದ ರೈಲಿನ ನಿಲ್ದಾಣ ಇಲ್ಲಿತ್ತು. ಅದನ್ನು ಕೆಡವಿ ದಶಕಗಳಾದವು.

1915ರ ಮೇ 7. ಲೂಸಿಟೇನಿಯಾ ಎಂಬ ಪ್ರಯಾಣಿಕರ ಹಡಗನ್ನು ಐರ್ಲೆಂಡಿನ ಹತ್ತಿರ ಜರ್ಮನ್ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು. ಸತ್ತವರು 1,198 ಜನ. ಅದರಲ್ಲಿ 128 ಅಮೆರಿಕನ್ನರು. ಆ ಸುದ್ದಿ ಬಂದ ದಿನ ಊರಿನಲ್ಲಿ ಯಾರಿಗೂ ಮಾತು ಹೊರಡುತ್ತಿರಲಿಲ್ಲ. ಸಂಜೆ ಆಫೀಸು ಮುಗಿಸಿ ಐವ್ಸ್ ಈ ನಿಲ್ದಾಣಕ್ಕೆ ಬಂದರು. ಕೆಳಗೆ ಬೀದಿಯಲ್ಲಿ ಒಬ್ಬ ಕೈಯಿಂದ ತಿರುಗಿಸುವ ಆರ್ಗನ್ ನುಡಿಸುತ್ತಿದ್ದ. 'ಇನ್ ದ ಸ್ವೀಟ್ ಬೈ ಆ್ಯಂಡ್ ಬೈ', ಸತ್ತ ಮೇಲೆ ಆಚೆಯ ಸುಂದರ ದಡದಲ್ಲಿ ಮತ್ತೆ ಸೇರುತ್ತೇವೆ ಎಂಬ ಹಳೆಯ ಭಕ್ತಿಗೀತೆ. ಸಲಿಕೆ ಹೆಗಲಿಗೇರಿಸಿದ್ದ ಕೂಲಿಗಳು ಶಿಳ್ಳೆಯಲ್ಲಿ ಆ ಧಾಟಿ ಹಿಡಿದರು. ನೋಡಿದರೆ ಬ್ಯಾಂಕಿನವರ ಹಾಗಿದ್ದ, ಕೈಯಲ್ಲಿ ಬೆತ್ತ ಹಿಡಿದ ಒಬ್ಬರು ಹಾಡಿದರು. ಒಬ್ಬೊಬ್ಬರಾಗಿ ಇಡೀ ಪ್ಲಾಟ್‌ಫಾರ್ಮ್ ಹಾಡಿತು. ಯಾರೂ ಯಾರಿಗೂ ಗೊತ್ತಿಲ್ಲ. ರೈಲು ಬಂತು, ಜನ ಹಾಡುತ್ತಲೇ ಹತ್ತಿದರು, ಹಾಡು ಮೆಲ್ಲಗೆ ಆರಿತು.

ಐವ್ಸ್ ಇದನ್ನು ತಮ್ಮ ಎರಡನೇ ಆರ್ಕೆಸ್ಟ್ರಾ ಸೆಟ್‌ನ ಕೊನೆಯ ಭಾಗ ಮಾಡಿದರು. ದೂರದಲ್ಲಿ ಒಂದು ಗುಂಪಿನ ದನಿ, ಊರಿನ ಗುಂಯ್ ಸದ್ದು, ಅಲ್ಲೊಂದು ಇಲ್ಲೊಂದು ಎದ್ದು ಬರುವ ಆ ಧಾಟಿ. ಧಾಟಿ ಒಮ್ಮೆ ತುಂಬಿ ಉಕ್ಕುತ್ತದೆ, ಆಮೇಲೆ ಮತ್ತೆ ಸದ್ದಿನೊಳಗೆ ಕರಗುತ್ತದೆ. ಹಡಗು ಇಲ್ಲ, ಸ್ಫೋಟ ಇಲ್ಲ. ರೈಲಿಗೆ ಕಾಯುತ್ತಾ ನಿಂತವರು ಮಾತ್ರ. ನನ್ನನ್ನು ಕೇಳಿದರೆ, ಒಂದು ಊರಿನ ದುಃಖವನ್ನು ಇದಕ್ಕಿಂತ ಸತ್ಯವಾಗಿ ಹಿಡಿದ ಸಂಗೀತ ನಾನು ಕೇಳಿಲ್ಲ.

ಅಲ್ಲಿಂದ ನಡೆದೇ ವರ್ಲ್ಡ್ ಟ್ರೇಡ್ ಸೆಂಟರ್ ಸ್ಮಾರಕಕ್ಕೆ ಹೋದೆವು. ಕಾಲು ಗಂಟೆಯ ದಾರಿ. ಎರಡು ಗೋಪುರ ನಿಂತಿದ್ದ ಕಡೆ ಈಗ ಎರಡು ದೊಡ್ಡ ಚೌಕ ಕೊಳ. ನೀರು ನಾಲ್ಕು ಕಡೆಯಿಂದಲೂ ಒಳಕ್ಕೆ ಬೀಳುತ್ತದೆ. ಸುತ್ತ ಕಂಚಿನ ಕಟ್ಟೆ, ಅದರಲ್ಲಿ 2,983 ಹೆಸರು. ಅವತ್ತು ಯಾರ ಹುಟ್ಟುಹಬ್ಬವೋ ಅವರ ಹೆಸರಿನಲ್ಲಿ ಒಂದು ಬಿಳಿ ಗುಲಾಬಿ ಸಿಕ್ಕಿಸಿರುತ್ತಾರೆ.

2001ರ ಸೆಪ್ಟೆಂಬರ್ 11ರ ನೆನಪಿಗೆ ಕೃತಿ ಬರೆಯಿರಿ ಎಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಕೇಳಿದ್ದು ಸಂಗೀತ ರಚನಾಕಾರ ಜಾನ್ ಆಡಮ್ಸ್ ಅವರನ್ನು. ಐವ್ಸ್ ಅವರನ್ನು ಬಹಳ ಪ್ರೀತಿಸುವವರು ಅವರು. 2002ರ ಸೆಪ್ಟೆಂಬರ್ 19ರಂದು ಅದು ಮೊದಲು ಕೇಳಿಸಿತು. ಹೆಸರು 'ಆನ್ ದ ಟ್ರಾನ್ಸ್‌ಮೈಗ್ರೇಶನ್ ಆಫ್ ಸೋಲ್ಸ್'. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಶುರುವಾಗುವುದು ಊರಿನ ಸದ್ದಿನಿಂದ: ಹೆಜ್ಜೆಗಳು, ದೂರದ ವಾಹನ. ಒಬ್ಬ ಹುಡುಗನ ದನಿ 'ಕಾಣೆಯಾಗಿದ್ದಾರೆ' ಎಂಬ ಅರ್ಥದ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತದೆ. ಆಮೇಲೆ ಹೆಸರುಗಳು, ಒಬ್ಬೊಬ್ಬರ ದನಿಯಲ್ಲಿ ಒಂದೊಂದು. ಕಾಣೆಯಾದವರಿಗಾಗಿ ಮನೆಯವರು ಗೋಡೆಗಳ ಮೇಲೆ ಅಂಟಿಸಿದ್ದ ಕಾಗದಗಳ ಮಾತುಗಳೇ ಕೋರಸ್ಸಿನ ಸಾಹಿತ್ಯ. ನಡುವೆ ಒಂದು ಒಂಟಿ ಟ್ರಂಪೆಟ್ ಬರುತ್ತದೆ. ಅದು ಐವ್ಸ್ ಅವರ 'ಅನ್‌ಆನ್ಸರ್ಡ್ ಕ್ವೆಶ್ಚನ್' ಕೃತಿಯ ಟ್ರಂಪೆಟ್ಟನ್ನು ನೆನಪಿಸುವ ಹಾಗೇ ಇದೆ.

ಹಾಡು ಹಚ್ಚಿ ಒಂದು ಇಯರ್‌ಫೋನ್ ಹುಡುಗನಿಗೆ ಕೊಟ್ಟೆ. ಎರಡು ನಿಮಿಷ ಕೇಳಿ ಇಬ್ಬರೂ ತೆಗೆದುಬಿಟ್ಟೆವು. ಫೋನಿನಲ್ಲಿ ಇದ್ದ ಹೆಜ್ಜೆ ಸದ್ದು, ನಮ್ಮ ಸುತ್ತ ಇದ್ದ ಹೆಜ್ಜೆ ಸದ್ದು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಕಟ್ಟೆಯ ಉದ್ದಕ್ಕೂ ನಡೆದೆವು. ಹುಡುಗ ಬಾಸ್ಟನ್ನಿನಲ್ಲಿ ಮಾಡಿದ ಹಾಗೆ ಹೆಸರುಗಳನ್ನು ಮೆಲ್ಲಗೆ ಓದುತ್ತಾ ಬಂದ. ಒಂದು ಕಡೆ ನಿಂತ. ನಮ್ಮ ದೇಶದ ಒಂದು ಹೆಸರು. ಮೊದಲು ಅಲ್ಲಿ ಕೆತ್ತಿದ ಇಂಗ್ಲಿಷ್ ಅಕ್ಷರಗಳ ಹಾಗೆ ಓದಿದ. ಆಮೇಲೆ ಬೆರಳಿಟ್ಟು, ಮನೆಯಲ್ಲಿ ಅವರ ಅಮ್ಮ ಕೂಗುತ್ತಿದ್ದ ಹಾಗೆ, ದೀರ್ಘ ಎಳೆದು ಇನ್ನೊಂದು ಸಲ ಹೇಳಿದ.